ವಿಮಾನದ ಬಾಗಿಲು ಮತ್ತು ನೀರಿನ ದಾರಿ

ಬಾಗಿಲಿಗೆ ಎರಡು ಧರ್ಮಗಳುಂಟು. ಬರಬೇಕಾದವರನ್ನು ಒಳಕ್ಕೆ ಬಿಡುವುದು ಒಂದು. ಬರಬಾರದುದನ್ನು ಹೊರಗೆ ನಿಲ್ಲಿಸುವುದು ಮತ್ತೊಂದು. ಮನುಷ್ಯನನ್ನು ನಿಲ್ಲಿಸುವುದಕ್ಕೆ ಒಂದು ಅಗುಳಿ ಸಾಕು. ನೀರನ್ನು ನಿಲ್ಲಿಸುವುದಕ್ಕೆ ಅದು ಸಾಲದು. ಆದುದರಿಂದಲೇ ನಮ್ಮ ಹಿಂದಿನ ಬಡಗಿಗಳೂ ಕಲ್ಲುಕುಟಿಗರೂ ಬಾಗಿಲಿನ ಮೇಲೆ ಸೂರನ್ನು ಚಾಚಿದರು, ಕೆಳಗೆ ಹೊಸ್ತಿಲನ್ನು ಎತ್ತರಿಸಿದರು, ಜಗಲಿಯನ್ನು ಹೊರಮುಖವಾಗಿ ಇಳಿಜಾರು ಮಾಡಿದರು. ಈ ಮೂರು ಉಪಾಯಗಳ ಹಿಂದೆ ಇರತಕ್ಕ ವಿಚಾರವು ಭೂಮಿಯ ಮೇಲಿನ ಮನೆಗೆ ಮಾತ್ರ ಸಂಬಂಧಪಟ್ಟುದಲ್ಲ. ಆಕಾಶದಲ್ಲಿ ಹಾರುವ ಯಂತ್ರಕ್ಕೂ ಅದು ಅನ್ವಯಿಸುತ್ತದೆ. ವ್ಯಕ್ತಿಯೊಬ್ಬನು ನಕ್ಷೆಯನ್ನು ಮುಂದಿಟ್ಟುಕೊಂಡು ತನ್ನ ಕೈಯಿಂದಲೇ ಕಟ್ಟುವ ಸಣ್ಣ ವಿಮಾನದಲ್ಲಿ ಬಾಗಿಲಿನ ಸುತ್ತ ಸೇರುವ ತೇವವನ್ನು ಹೇಗೆ ನಿರ್ವಹಿಸಬೇಕು ಎಂಬುದು ಪ್ರಕೃತ ಲೇಖನದ ವಿಷಯ. ಈ ವಿದ್ಯೆಯನ್ನು ಕನ್ನಡದ ಮನೆಮಾತಿನಲ್ಲಿಯೇ ವಿವರಿಸಬಹುದೆಂಬುದನ್ನು ತೋರಿಸುವುದೂ ಇದರ ಒಂದು ಉದ್ದೇಶವಾಗಿದೆ.

ಕರ್ನಾಟಕದ ಹಿನ್ನೆಲೆ

ವಿಮಾನವೆಂದೊಡನೆ ಅದು ಪರದೇಶದ ವಸ್ತುವೆಂದು ಭಾವಿಸುವವರು ಇಂದಿಗೂ ಉಂಟು. ಆದರೆ 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ಸಹಭಾಗಿತ್ವದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಅಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಶಿಕ್ಷಣ ವಿಮಾನವು 1951ರಲ್ಲಿ ಹಾರಿತು. 1958ರ ಸೆಪ್ಟೆಂಬರ್ 28ರಂದು ‘ಪುಷ್ಪಕ’ವೆಂಬ ಚಿಕ್ಕ ವಿಮಾನವು ಮೊದಲ ಬಾರಿಗೆ ಮೇಲೇರಿತು. ಉಕ್ಕಿನ ಕೊಳವೆಗಳ ಹಂದರಕ್ಕೆ ಬಟ್ಟೆಯನ್ನು ಹೊದಿಸಿ, 90 ಅಶ್ವಶಕ್ತಿಯ ಎಂಜಿನನ್ನು ಜೋಡಿಸಿ, ಇಬ್ಬರು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವಂತೆ ರಚಿಸಿದ್ದ ಈ ವಿಮಾನವು ದೇಶದ ಅನೇಕ ವೈಮಾನಿಕ ಸಂಘಗಳಲ್ಲಿ ವಿದ್ಯಾರ್ಥಿಗಳಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಿತು.

ನಕ್ಷೆಯನ್ನು ನೋಡಿ ಮನೆಯಲ್ಲಿ ಕಟ್ಟುವ ವಿಮಾನಗಳ ಪೈಕಿ ಅಮೆರಿಕದ ಬರ್ಟ್ ರುಟಾನರು ರೂಪಿಸಿದ ‘ಲಾಂಗ್ ಈ-ಜೀ’ ಜಗತ್ಪ್ರಸಿದ್ಧವಾದುದು. ನೊರೆಯಂಥ ಹಗುರವಾದ ಫೋಮಿನ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ಅದನ್ನು ಕಟ್ಟುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಇದೇ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಒಂದು ಸಂಶೋಧನಾ ವಿಮಾನವನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು. ಆ ಅನುಭವದ ತರುವಾಯ ಅದೇ ಸಂಸ್ಥೆಯ ‘ಹಂಸ’ವು 1993ರಲ್ಲಿ ಹಾರಿತು. ಮನೆಯಲ್ಲಿ ಕಟ್ಟುವ ವಿಮಾನದ ವಿದ್ಯೆಯು ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ಪ್ರಯೋಗಾಲಯಕ್ಕೆ ಮೆಟ್ಟಿಲಾಯಿತೆಂಬುದು ಇದರಿಂದ ವಿದಿತವಾಗುತ್ತದೆ. 1951ರಿಂದ ಎಂಜಿನಿಯರಿಂಗ್ ಶಿಕ್ಷಣವು ನಡೆದುಬಂದಿರುವ ದಾವಣಗೆರೆಯಲ್ಲಿ ಇಂಥ ವಿಷಯವನ್ನು ಕುರಿತು ಆಲೋಚಿಸುವುದು ಅಪ್ರಸ್ತುತವೆನಿಸಲಾರದು.

ನೀರು ಒಳಬರುವ ನಾಲ್ಕು ದಾರಿಗಳು

ಶತ್ರುವನ್ನು ತಡೆಯುವ ಮೊದಲು ಅವನು ಬರುವ ದಾರಿಯನ್ನು ಅರಿಯಬೇಕು. ಬಾಗಿಲಿನ ಬಳಿ ನೀರು ನಾಲ್ಕು ವಿಧವಾಗಿ ಒಳಸೇರುತ್ತದೆ.

ಮೊದಲನೆಯದು ಇಳಿಜಾರಿನ ದಾರಿ. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದು ಸಹಜ. ಪುಷ್ಪಕದಂತೆ ರೆಕ್ಕೆಯು ಮೇಲಿರುವ ವಿಮಾನದಲ್ಲಿ ರೆಕ್ಕೆಯೇ ಬಾಗಿಲಿಗೆ ಸೂರಾಗುತ್ತದೆ. ಇದು ಉಪಕಾರವೇ. ಆದರೆ ರೆಕ್ಕೆಯ ಮೇಲೆ ಬಿದ್ದ ಮಳೆಯು ರೆಕ್ಕೆಯೂ ಒಡಲೂ ಕೂಡುವ ಸಂದಿಗೆ ಹರಿದುಬಂದು, ಅಲ್ಲಿಂದ ಬಾಗಿಲಿನ ಮೇಲಂಚಿಗೆ ಇಳಿಯುತ್ತದೆ. ಎಷ್ಟೋ ಸಲ ಬಾಗಿಲು ಸೋರುತ್ತಿದೆಯೆಂದು ನಾವು ದೂರುವಾಗ, ನಿಜವಾಗಿ ಸೋರುತ್ತಿರುವುದು ಬಾಗಿಲಿನ ಮೇಲಿನ ಆ ಸಂದಿಯಾಗಿರುತ್ತದೆ. ಗಾಜಿನ ಮುಚ್ಚಳವನ್ನೇ ಎತ್ತಿ ಒಳಹೋಗಬೇಕಾದ ವಿಮಾನದಲ್ಲಿ ಸೂರೇ ಇರುವುದಿಲ್ಲ. ಮಳೆಯಲ್ಲಿ ಮುಚ್ಚಳ ತೆರೆದರೆ ಆಕಾಶವೇ ಒಳಕ್ಕೆ ಬಂದಂತಾಗುತ್ತದೆ.

ಎರಡನೆಯದು ಗಾಳಿಯ ಒತ್ತಡದ ದಾರಿ. ಮನೆಯ ಬಾಗಿಲಿಗೆ ಎರಚಲು ಬಡಿಯುವಂತೆ ವಿಮಾನದ ಬಾಗಿಲಿಗೂ ಬಡಿಯುತ್ತದೆ. ಆದರೆ ಬಲದಲ್ಲಿ ಹೋಲಿಕೆಯಿಲ್ಲ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡವು ಸುಮಾರು 11 ಸೆಂ.ಮೀ. ಎತ್ತರದ ನೀರಿನ ಕಂಬಕ್ಕೆ ಸಮನಾಗುತ್ತದೆ, 200 ಕಿ.ಮೀ. ವೇಗದಲ್ಲಿ ಸುಮಾರು 19 ಸೆಂ.ಮೀ. ಆಗುತ್ತದೆ. ಅಂದರೆ ಗಾಳಿಗೆ ನೇರವಾಗಿ ಮುಖವೊಡ್ಡಿದ ಸಂದಿಯಲ್ಲಿ ನೀರು ಒಂದು ಗೇಣಿನಷ್ಟು ಮೇಲಕ್ಕೂ ಏರಬಲ್ಲದು. ಜೊತೆಗೆ, ಒಡಲಿನ ಪಕ್ಕದಲ್ಲಿ ಗಾಳಿಯು ವೇಗವಾಗಿ ಜಾರುವೆಡೆ ಹೊರಗಿನ ಒತ್ತಡವು ಕಡಮೆಯಾಗಿ ತೆಳುವಾದ ಕದವು ಹೊರಕ್ಕೆ ಉಬ್ಬುತ್ತದೆ. ನೆಲದ ಮೇಲೆ ಬಿಗಿಯಾಗಿದ್ದ ಬಾಗಿಲು ಆಕಾಶದಲ್ಲಿ ಸಡಿಲವಾಗುವುದಕ್ಕೆ ಇದೇ ಕಾರಣ.

ಮೂರನೆಯದು ಬತ್ತಿಯ ದಾರಿ. ಹಣತೆಯ ಎಣ್ಣೆಯು ಬತ್ತಿಯನ್ನು ಹಿಡಿದು ಮೇಲೇರುವುದನ್ನು ಎಲ್ಲರೂ ಕಂಡಿದ್ದಾರೆ. ಒಂದಕ್ಕೊಂದು ಒತ್ತಿಕೊಂಡಿರುವ ಎರಡು ತಗಡುಗಳ ನಡುವೆ ನೀರು ಅದೇ ನಿಯಮದಿಂದ ಮೇಲಕ್ಕೂ ಪಕ್ಕಕ್ಕೂ ಸಂಚರಿಸುತ್ತದೆ. ಸಂದಿಯು ಕಿರಿದಾದಷ್ಟೂ ನೀರು ಹೆಚ್ಚು ದೂರ ಏರುತ್ತದೆ. ಆದುದರಿಂದ ‘ಸಂದಿಯನ್ನು ಅತ್ಯಂತ ಕಿರಿದು ಮಾಡಿದರೆ ನೀರು ಬಾರದು’ ಎಂಬ ಎಣಿಕೆಯು ತಪ್ಪು. ಹತ್ತಿಯ ವ್ಯಾಪಾರದಿಂದ ಹೆಸರಾದ ನಮ್ಮ ಊರಿನವರಿಗೆ, ಅರಳೆಯು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಬಗೆಯನ್ನು ವಿವರಿಸಬೇಕಾಗಿಲ್ಲ. ವಿಮಾನದ ಒಳಗೋಡೆಯಲ್ಲಿ ಸದ್ದಡಗಿಸಲು ಇಡುವ ಮೆತ್ತೆಯೂ ನೆಲಹಾಸೂ ಇದನ್ನೇ ಮಾಡುತ್ತವೆ.

ನಾಲ್ಕನೆಯದು ಕಣ್ಣಿಗೆ ಕಾಣದ ದಾರಿ. ಮಳೆಯೇ ಇಲ್ಲದ ದಿನವೂ ನೀರು ಒಳಬರುತ್ತದೆ. ದಾವಣಗೆರೆಯ ಭಟ್ಟಿಯಿಂದ ತಂದ ಗರಿಗರಿ ಮಂಡಕ್ಕಿಯನ್ನು ಜಡಿಮಳೆಯ ದಿನಗಳಲ್ಲಿ ತೆರೆದಿಟ್ಟರೆ, ಅದರ ಮೇಲೆ ಒಂದು ಹನಿಯೂ ಬೀಳದಿದ್ದರೂ ಅದು ಮೆತ್ತಗಾಗುತ್ತದೆ. ಗಾಳಿಯಲ್ಲಿ ಆವಿಯ ರೂಪದ ನೀರಿರುವುದೇ ಇದಕ್ಕೆ ಕಾರಣ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ಆವಿಯನ್ನು ಧರಿಸಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಹಗಲು ಬಿಸಿಯಾಗಿದ್ದ ವಿಮಾನವು ಇರುಳು ತಣಿದಾಗ ಹೆಚ್ಚಾದ ಆವಿಯು ಲೋಹದ ಒಳಮೈಯಲ್ಲಿ ಹನಿಗಟ್ಟಿ, ಜಾರಿ, ಬಾಗಿಲಿನ ಕೆಳಗಿನ ಚೌಕಟ್ಟಿನಲ್ಲಿ ನಿಲ್ಲುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕು ಮಳೆ ಬೀಳುವ ಆಗುಂಬೆಯವರು ಮಾತ್ರ ಇದಕ್ಕೆ ಹೆದರಬೇಕು, ಬಯಲುಸೀಮೆಯವರಿಗೆ ಭಯವಿಲ್ಲ ಎನ್ನುವಂತಿಲ್ಲ. ಹನಿಹನಿ ಗೂಡಿದರೆ ಹಳ್ಳವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜ.

ನಿಂತ ನೀರು ಮಾಡುವ ಹಾನಿ

ಪ್ರಯಾಣಿಕನ ತೊಡೆಯ ಮೇಲೆ ನಾಲ್ಕು ಹನಿ ಬಿದ್ದರೆ ನಷ್ಟವೇನೂ ಇಲ್ಲ. ಕಾಣದೆಡೆಯಲ್ಲಿ ನಿಂತ ನೀರಿನಿಂದಲೇ ಭಯ. ಅದು ಮರವನ್ನು ಕೊಳೆಸುತ್ತದೆ, ಉಕ್ಕನ್ನು ತುಕ್ಕು ಹಿಡಿಸುತ್ತದೆ, ಅಲ್ಯುಮಿನಿಯಮ್ಮನ್ನು ಬಿಳಿಯ ಹುಡಿಯಾಗಿಸುತ್ತದೆ, ವಿದ್ಯುತ್ ತಂತಿಯ ಕೂಡುಗಳನ್ನು ಕೆಡಿಸುತ್ತದೆ. ಮರದಲ್ಲಿ ತೇವಾಂಶವು ಅದರ ಒಣ ತೂಕದ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲಾರದು. ಅದನ್ನು ಮೀರಿ ಬಹುಕಾಲ ಉಳಿದರೆ ಮಾತ್ರ ಅಪಾಯ. ಉಕ್ಕಿನ ವಿಷಯವನ್ನು ಹರಿಹರದವರು ಚೆನ್ನಾಗಿ ಬಲ್ಲರು. 1941ರಲ್ಲಿ ಆರಂಭವಾಗಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿದ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇಂದು ನಡೆಯುತ್ತಿಲ್ಲವಾದರೂ, ಲೇತಿನ ಬರಿಮೈಗೆ ಎಣ್ಣೆ ಸವರದೆ ಬಿಟ್ಟರೆ ಏನಾಗುವುದೆಂಬ ತಿಳಿವಳಿಕೆ ಆ ಊರಿನ ಕೆಲಸಗಾರರ ಕೈಯಲ್ಲಿ ಉಳಿದಿದೆ.

ತೇವದ ಹಾನಿಗೆ ಇತಿಹಾಸದಲ್ಲಿ ಒಂದು ದೊಡ್ಡ ನಿದರ್ಶನವುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ‘ಮಾಸ್ಕಿಟೊ’ ಎಂಬ ಮರದ ವಿಮಾನಗಳು ಭಾರತ ಮತ್ತು ಬರ್ಮಾ ರಂಗಕ್ಕೆ ಬಂದುವು. 1944ರಲ್ಲಿ ಅವುಗಳಲ್ಲಿ ಕೆಲವು ರೆಕ್ಕೆ ಮುರಿದು ಬಿದ್ದುದರಿಂದ, ಆ ವರ್ಷದ ನವೆಂಬರಿನಲ್ಲಿ ಇಲ್ಲಿನ ಮಾಸ್ಕಿಟೊಗಳ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಯಿತೆಂದು ಮೊದಲು ಭಾವಿಸಿದರು. ಮರದ ಕುಗ್ಗುವಿಕೆಯೆಂದು ಕೆಲವರೂ, ತಯಾರಿಕೆಯ ದೋಷವೆಂದು ಮತ್ತೆ ಕೆಲವರೂ ನಿರ್ಣಯಿಸಿದರು. ಕಾರಣದ ವಿಷಯದಲ್ಲಿ ಭೇದವಿದ್ದರೂ ಪರಿಹಾರವಾಗಿ ಮಾಡಿದ ಕೆಲಸವು ಗಮನಾರ್ಹವಾದುದು: ರೆಕ್ಕೆಯ ಹೊದಿಕೆಯ ಸಂದಿಯ ಉದ್ದಕ್ಕೂ ತೆಳುಹಲಗೆಯ ಒಂದು ಪಟ್ಟಿಯನ್ನು ಅಂಟಿಸಿ ಅದನ್ನು ಮುಚ್ಚಿದರು. ಒಂದು ಸಂದಿಯ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ತೂಕದ ಮಾತೂ ಉಂಟು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಬಾಗಿಲಿನಲ್ಲಿ ಸೇರಿದ ನೀರು ಬಾಲದ ಕಡೆಗೆ ಹರಿದು, ತೂಕದ ನಡುಬಿಂದುವಿನಿಂದ 3 ಮೀಟರ್ ಹಿಂದೆ ನಿಂತಿತೆನ್ನೋಣ. ಆಗ ಆ ಒಂದು ಕಿಲೋಗ್ರಾಂ, ನಡುಬಿಂದುವಿನಿಂದ 30 ಸೆಂ.ಮೀ. ಹಿಂದೆ ಇಟ್ಟ 10 ಕಿಲೋಗ್ರಾಂ ಭಾರದಷ್ಟೇ ವಿಮಾನವನ್ನು ಹಿಂದಕ್ಕೆ ವಾಲಿಸುತ್ತದೆ. ತಕ್ಕಡಿಯ ದಂಡಿಗೆಯನ್ನು ಬಲ್ಲ ವ್ಯಾಪಾರಿಗೆ ಈ ಲೆಕ್ಕವು ಹೊಸದಲ್ಲ. ಶೀತದೇಶಗಳಲ್ಲಾದರೆ ಚಿಲಕದೊಳಗಿನ ನೀರು ಹೆಪ್ಪುಗಟ್ಟಿ, ಬಾಗಿಲು ತೆರೆಯಬೇಕಾದ ಸಮಯದಲ್ಲಿ ತೆರೆಯದೆ ಹೋಗುವುದೂ ಉಂಟು.

ತಡೆ, ನಡೆ, ಬಿಡುಗಡೆ

ಹಾಗಾದರೆ ಮಾಡತಕ್ಕದ್ದೇನು? ವಿದ್ಯಾರ್ಥಿಗಳ ನೆನಪಿಗೆ ಸುಲಭವಾಗುವಂತೆ ಮೂರು ಮಾತುಗಳಲ್ಲಿ ಹೇಳಬಹುದು: ತಡೆ, ನಡೆ, ಬಿಡುಗಡೆ.

ತಡೆ ಎಂದರೆ ನೀರಿನ ಬಹುಭಾಗವನ್ನು ಹೊರಗೇ ನಿಲ್ಲಿಸುವುದು. ಬಾಗಿಲಿನ ಮೇಲಂಚಿನಲ್ಲಿ ಒಂದು ಸಣ್ಣ ದೋಣಿಯನ್ನು ಕೂಡಿಸಿ, ಮೇಲಿನಿಂದ ಇಳಿಯುವ ನೀರನ್ನು ಬಾಗಿಲಿನ ಆಚೆಗೆ ಸಾಗಿಸಬೇಕು. ಕದದ ಅಂಚು ಚೌಕಟ್ಟಿನ ಮೇಲೆ ಹೊರಗಡೆಯಿಂದ ಹೊದ್ದುಕೊಂಡಿರಬೇಕು. ಹಂಚಿನ ಮೇಲೆ ಹಂಚು ಕೂಡುವಂತೆ ಮೇಲಿನದು ಕೆಳಗಿನದರ ಹೊರಗಿರಬೇಕೇ ಹೊರತು ಒಳಗಿರಬಾರದು. ಕದದ ಮುಂದಿನ ಅಂಚು ಗಾಳಿಗೆ ಬಾಯ್ದೆರೆದಿರಬಾರದು. ನಮ್ಮ ನಾಡಿನಲ್ಲಿ ಕಲ್ಲಿನ ಸೂರುಗಳ ಅಂಚನ್ನು ಕೆಳಮುಖವಾಗಿ ಬಾಗಿಸಿರುವುದನ್ನು ಕಾಣುತ್ತೇವೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಂಥ ಕಟ್ಟಡಗಳ ಮುಂದೆ ನಿಂತು, ಮಳೆಯ ಹನಿ ಎಲ್ಲಿ ಬೀಳುವುದೆಂದು ವಿದ್ಯಾರ್ಥಿಗಳಿಗೆ ತೋರಿಸಿದರೆ ಅರ್ಧ ಪಾಠ ಮುಗಿದಂತೆ. ಹನಿಯು ಅಂಚಿನಿಂದ ಕಳಚಿ ಬೀಳಬೇಕು. ಗೋಡೆಯನ್ನು ತಬ್ಬಿಕೊಂಡು ಹಿಂದಿರುಗಬಾರದು.

ನಡೆ ಎಂದರೆ ತಡೆಯನ್ನು ದಾಟಿ ಬಂದ ನೀರಿಗೆ ಒಂದು ಗೊತ್ತಾದ ದಾರಿಯನ್ನು ತೋರಿಸುವುದು. ಒಂದೇ ರಬ್ಬರು ಪಟ್ಟಿಯನ್ನು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ. ಹೊರಗೆ ಮಳೆಯನ್ನು ಮುರಿಯುವ ಒಂದು ಅಂಚು, ಒಳಗೆ ಗಾಳಿಯನ್ನು ತಡೆಯುವ ಟೊಳ್ಳಾದ ರಬ್ಬರು ಪಟ್ಟಿ, ಇವೆರಡರ ನಡುವೆ ಸುತ್ತಲೂ ಒಂದು ಕಾಲುವೆ ಇರಬೇಕು. ಹೊರಗಿನ ಅಂಚನ್ನು ದಾಟಿ ಬಂದ ನೀರು ಒಳಗಿನ ಪಟ್ಟಿಯನ್ನು ಮುಟ್ಟುವ ಮೊದಲೇ ಕಾಲುವೆಗೆ ಬಿದ್ದು ಕೆಳಗಿಳಿಯುತ್ತದೆ. ಈ ಕಾಲುವೆಯು ಕೆಲವು ಮಿಲಿಮೀಟರುಗಳಷ್ಟಾದರೂ ಅಗಲವಾಗಿರಬೇಕು. ಅತಿ ಕಿರಿದಾದರೆ ಅದೇ ಬತ್ತಿಯಾಗಿಬಿಡುತ್ತದೆ.

ಬಿಡುಗಡೆ ಎಂದರೆ ಕಾಲುವೆಯ ನೀರನ್ನು ಹೊರಕ್ಕೆ ಕಳುಹಿಸುವುದು. ಹೊಸಬರು ಎಡವುವುದು ಇಲ್ಲಿಯೇ. ನಾಲ್ಕು ಅಂಚುಗಳನ್ನೂ ಹೊರಗಿನಿಂದ ಮೆತ್ತಿ ಮುಚ್ಚಿ ‘ಇನ್ನು ಹನಿಯೂ ಬಾರದು’ ಎಂದು ತೃಪ್ತಿಪಡುತ್ತಾರೆ. ಬಚ್ಚಲಿನ ಬಾಯಿಗೆ ಬಟ್ಟೆ ತುರುಕಿ ಸ್ನಾನಕ್ಕೆ ಕುಳಿತಂತೆ ಇದು. ಆವಿಯ ದಾರಿಯಿಂದ ಬಂದ ನೀರಿಗೆ ಆಗ ಹೊರಹೋಗುವ ಬಾಗಿಲೇ ಇರುವುದಿಲ್ಲ. ಆದುದರಿಂದ ಕೆಳಗಿನ ಅಂಚಿನಲ್ಲಿ ಹೊರಗಡೆಯ ಸಂದಿಯನ್ನು ಎಂದಿಗೂ ಪೂರ್ತಿಯಾಗಿ ಮುಚ್ಚಬಾರದು.

ರಂಧ್ರದ ಅಳತೆ ಮತ್ತು ಸ್ಥಾನ

ನೀರು ಹೊರಹೋಗಲು ರಂಧ್ರವಿದ್ದರೆ ಸಾಲದು; ಅದಕ್ಕೆ ತಕ್ಕ ಅಳತೆ ಬೇಕು. ನೀರಿನ ಮೈಗೆ ಒಂದು ಬಿಗಿತವುಂಟು. ಅದರ ಬಲದಿಂದ 3 ಮಿ.ಮೀ. ವ್ಯಾಸದ ರಂಧ್ರವು ಸುಮಾರು 1 ಸೆಂ.ಮೀ. ಆಳದ ನೀರನ್ನು ಹೊರಬಿಡದೆ ತಡೆದು ನಿಲ್ಲಿಸಬಲ್ಲದು. 6 ಮಿ.ಮೀ. ರಂಧ್ರದಲ್ಲಿ ಹೀಗೆ ನಿಲ್ಲುವ ನೀರು ಅದರ ಅರ್ಧ, 10 ಮಿ.ಮೀ. ರಂಧ್ರದಲ್ಲಿ ಸುಮಾರು 3 ಮಿ.ಮೀ. ಮಾತ್ರ. ಸಣ್ಣ ರಂಧ್ರವನ್ನು ಧೂಳು, ಬಣ್ಣ, ಕಣಜದ ಹುಳುವಿನ ಮಣ್ಣಿನ ಗೂಡು ಇವು ಬಹುಬೇಗ ಮುಚ್ಚುವುವು. ಆದರೆ ಭಾರ ಹೊರುವ ಅಂಗಗಳಲ್ಲಿ ಮನಬಂದಂತೆ ಕೊರೆಯುವುದು ನೀರಿಗಿಂತ ದೊಡ್ಡ ಅಪಾಯ. ನಕ್ಷೆಯಲ್ಲಿ ತೋರಿಸಿದೆಡೆ ಮಾತ್ರ, ಇಲ್ಲವೆ ವಿನ್ಯಾಸಕಾರನ ಲಿಖಿತ ಸಮ್ಮತಿಯನ್ನು ಪಡೆದ ಬಳಿಕ ಮಾತ್ರ ರಂಧ್ರವನ್ನು ಕೊರೆಯಬೇಕು. ಕೊರೆದ ಅಂಚಿಗೆ ಬಣ್ಣವನ್ನೋ ಮೆರುಗೆಣ್ಣೆಯನ್ನೋ ಲೇಪಿಸಬೇಕು.

ಸ್ಥಾನದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಮನೆಯ ನೆಲಕ್ಕೆ ಇಳಿಜಾರು ಒಂದೇ, ವಿಮಾನಕ್ಕೆ ಎರಡು. ಪುಷ್ಪಕದಂಥ ಬಾಲಗಾಲಿಯ ವಿಮಾನವು ನೆಲದ ಮೇಲೆ ನಿಂತಾಗ ಮೂಗನ್ನೆತ್ತಿ ಬಾಲವನ್ನು ಇಳಿಸಿರುತ್ತದೆ. ಆಗ ಬಾಗಿಲಿನ ಕೆಳಗಿನ ಹಿಂಬದಿಯ ಮೂಲೆಯೇ ತಗ್ಗು. ಹಾರುವಾಗ ಒಡಲು ಸಮತಲಕ್ಕೆ ಬಂದು ತಗ್ಗು ಮುಂದಕ್ಕೆ ಸರಿಯುತ್ತದೆ. ಆದುದರಿಂದ ಕೆಳಗಿನ ಎರಡು ಮೂಲೆಗಳಿಗೂ ರಂಧ್ರವಿರಬೇಕು. ಒಂದಕ್ಕೆ ಮಾತ್ರ ಕೊಟ್ಟು ಮತ್ತೊಂದನ್ನು ಮರೆತರೆ, ಮರೆತ ಮೂಲೆಯಲ್ಲಿಯೇ ತುಕ್ಕು ಹುಟ್ಟುತ್ತದೆ.

ಹೊರಬಾಯಿಯ ದಿಕ್ಕೂ ಮುಖ್ಯ. ಬಾಯಿ ಗಾಳಿಗೆ ಎದುರಾಗಿದ್ದರೆ ಗಾಳಿಯು ನೀರನ್ನು ಮರಳಿ ಒಳಕ್ಕೆ ತಳ್ಳುತ್ತದೆ. ಬಟ್ಟೆ ಹೊದಿಸಿದ ವಿಮಾನಗಳಲ್ಲಿ ರಂಧ್ರದ ಮೇಲೆ ಹಿಂದಕ್ಕೆ ಬಾಯ್ದೆರೆದ ಚಿಕ್ಕ ಮುಸುಕನ್ನು ಕೂಡಿಸುವ ಪದ್ಧತಿಯಿದೆ. ಸಾಗುವ ಗಾಳಿಯು ಅಲ್ಲಿ ಎಳೆತವನ್ನುಂಟುಮಾಡಿ ನೀರನ್ನು ಹೊರಕ್ಕೆ ಸೆಳೆಯುತ್ತದೆ. ದೇವಾಲಯದ ಗರ್ಭಗೃಹದಿಂದ ಅಭಿಷೇಕದ ನೀರನ್ನು ಹೊರತರುವ ಪ್ರಣಾಳವು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವುದೂ ಇಂಥ ವಿವೇಕದಿಂದಲೇ: ಹೊರಬಂದುದು ಮತ್ತೆ ಗೋಡೆಯನ್ನು ಸೇರಬಾರದು.

ಸಾಮಗ್ರಿಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ವಿನಿಗರಿನಂತೆ ಹುಳಿವಾಸನೆ ಬೀರುವ ಸಿಲಿಕೋನ್ ಮೆತ್ತು ಒಣಗುವಾಗ ಆಮ್ಲವನ್ನು ಬಿಡುವುದರಿಂದ ಲೋಹಕ್ಕೆ ಹಿತವಲ್ಲ. ಅಲ್ಯುಮಿನಿಯಮ್ಮಿನ ಕದಕ್ಕೆ ಉಕ್ಕಿನ ಬಿಜಾಗರಿಯನ್ನು ಕೂಡಿಸುವಾಗ ಎರಡರ ನಡುವೆ ಬಣ್ಣದ ಅಥವಾ ಮೆತ್ತಿನ ಪದರವಿರಬೇಕು; ಇಲ್ಲದಿದ್ದರೆ ತೇವವು ಸೇರಿದೊಡನೆ ಅಲ್ಯುಮಿನಿಯಮ್ ಸವೆಯತೊಡಗುತ್ತದೆ. ಮರದಲ್ಲಿ ನಾರಿನ ಕೊನೆಗಳು ತೆರೆದಿರುವ ಕಡಿದ ತುದಿಗಳೇ ಹೆಚ್ಚು ನೀರು ಕುಡಿಯುವುದರಿಂದ ಅವಕ್ಕೆ ಎರಡು ಮೂರು ಸಲ ಮೆರುಗೆಣ್ಣೆ ಬೇಕು. ಉಕ್ಕಿನ ಕೊಳವೆಗಳ ಒಳಗೆ ಅಗಸೆಯೆಣ್ಣೆಯನ್ನು ಆಡಿಸಿ, ಹೆಚ್ಚಾದುದನ್ನು ಬಸಿದು, ಬಾಯಿ ಮುಚ್ಚುವುದು ಹಳೆಯ ಕ್ರಮ. ನಿಲ್ಲಿಸಿದ ವಿಮಾನಕ್ಕೆ ಉಸಿರಾಡದ ಪ್ಲಾಸ್ಟಿಕ್ ಹೊದಿಕೆಗಿಂತ ಆವಿಯನ್ನು ಹೊರಬಿಡುವ ದಟ್ಟನೆಯ ಬಟ್ಟೆಯ ಹೊದಿಕೆಯೇ ಮೇಲು.

ಪರೀಕ್ಷೆ

ಕಟ್ಟಿದುದನ್ನು ಮಳೆಯೇ ಪರೀಕ್ಷಿಸಲೆಂದು ಕಾಯುವುದು ಸರಿಯಲ್ಲ. ಪರೀಕ್ಷೆಯು ನಾಲ್ಕು ಹಂತಗಳದು. ಒಂದು: ರಬ್ಬರು ಪಟ್ಟಿಯ ಮೇಲೆ ಕಾಗದದ ಚೂರನ್ನಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು, ಸುತ್ತಲೂ ಒಂದೇ ಬಿಗಿತ ಕಾಣಬೇಕು. ಎರಡು: ಕತ್ತಲಲ್ಲಿ ಒಳಗೆ ದೀಪವಿರಿಸಿ ಹೊರಗಿನಿಂದ ಬೆಳಕಿನ ಗೆರೆಗಳನ್ನು ಹುಡುಕಬೇಕು. ಮೂರು: ಒಳಗಿನ ಚೌಕಟ್ಟಿಗೆ ಸೀಮೆಸುಣ್ಣದ ಪುಡಿಯನ್ನು ಸವರಿ, ಹೊರಗಿನಿಂದ ಮೆಲ್ಲನೆ ನೀರು ಬಿಡಬೇಕು. ಕೆಳಗಿನಿಂದ ಮೇಲಕ್ಕೆ, ಒಂದೊಂದು ಭಾಗಕ್ಕೆ ಐದೈದು ನಿಮಿಷದಂತೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಸಂದಿಗಳಿಗೂ ಒಮ್ಮೆಗೇ ಇಳಿದು ಯಾವುದು ದೋಷಿಯೆಂದು ತಿಳಿಯದು. ವೇಗವನ್ನಳೆಯುವ ನಾಳದ ಬಾಯಿಗಳನ್ನು ಮೊದಲೇ ಮುಚ್ಚಿರಬೇಕು, ಬಳಿಕ ಮರೆಯದೆ ತೆರೆಯಬೇಕು. ನಾಲ್ಕು: ಕೆಳಗಿನ ಕಾಲುವೆಗೆ ಅಳೆದು ಅರ್ಧ ಲೀಟರ್ ನೀರನ್ನು ಸುರಿದು, ಹೊರಬಂದುದನ್ನು ಪಾತ್ರೆಯಲ್ಲಿ ಹಿಡಿದು ಮತ್ತೆ ಅಳೆಯಬೇಕು. 500 ಮಿ.ಲೀ. ಹೋಗಿ 440 ಮಿ.ಲೀ. ಮಾತ್ರ ಬಂದರೆ, ಉಳಿದ 60 ಮಿ.ಲೀ. ಎಲ್ಲಿ ಕುಳಿತಿದೆಯೆಂದು ಹುಡುಕದೆ ಬಿಡಬಾರದು. ಬಾಲಗಾಲಿಯ ವಿಮಾನದಲ್ಲಿ ಈ ಕೊನೆಯ ಪರೀಕ್ಷೆಯನ್ನು ಬಾಲ ಇಳಿಸಿ ಒಮ್ಮೆ, ಬಾಲವನ್ನೆತ್ತಿ ಸಮತಲದಲ್ಲಿ ನಿಲ್ಲಿಸಿ ಮತ್ತೊಮ್ಮೆ ಮಾಡತಕ್ಕದ್ದು.

ಉಪಸಂಹಾರ

ಮೇಲ್ಕಂಡ ವಿಚಾರಗಳಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ನೀರನ್ನು ಸಂಪೂರ್ಣವಾಗಿ ನಿಷೇಧಿಸುತ್ತೇನೆಂಬವನಿಗಿಂತ, ‘ಅದು ಬಂದೀತು; ಬಂದರೆ ಇಂಥ ದಾರಿಯಿಂದ ಹೋಗಲಿ’ ಎಂದು ಮುಂದಾಲೋಚಿಸುವವನೇ ಒಳ್ಳೆಯ ಶಿಲ್ಪಿ. ದೋಣಿ, ಸೂರು, ಹೊಸ್ತಿಲು, ಬಚ್ಚಲು, ಬತ್ತಿ, ಬಿಜಾಗರಿ: ಈ ವಿದ್ಯೆಗೆ ಬೇಕಾದ ಮಾತುಗಳಲ್ಲಿ ಬಹುಪಾಲು ನಮ್ಮ ಬಡಗಿಯ ನಾಲಗೆಯಲ್ಲಿಯೇ ಇವೆ. ಉಪಾಧ್ಯಾಯ ಬಂಧುಗಳು ಭೌತವಿಜ್ಞಾನದ ತರಗತಿಯಲ್ಲಿ ಮೇಲ್ಮೈ ಬಿಗಿತವನ್ನೂ ಆವಿಯ ಸಾಂದ್ರೀಕರಣವನ್ನೂ ಬೋಧಿಸುವಾಗ, ಒಂದು ಹಳೆಯ ಬಾಗಿಲನ್ನೂ ಒಂದು ತಂಬಿಗೆ ನೀರನ್ನೂ ಮುಂದಿಟ್ಟುಕೊಂಡರೆ ಸಾಕು. ಬೆಲೆಬಾಳುವ ಉಪಕರಣಗಳು ಬೇಕಾಗವು. ಶಾಲೆಗೆ ಕಟ್ಟಡಗಳನ್ನು ಕಟ್ಟಿಸಿಕೊಡುವ ಮಹನೀಯರು ನೆಲೆಕಲ್ಲನ್ನಿಡುವಾಗಲೇ ಬಾಗಿಲಿನ ಮೇಲಿನ ಸೂರನ್ನೂ ಹೊಸ್ತಿಲಿನ ಇಳಿಜಾರನ್ನೂ ವಿಚಾರಿಸಿದರೆ ಅವರ ದಾನವು ಇನ್ನಷ್ಟು ಕಾಲ ಬಾಳೀತು. ಇನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ಯಾರಾದರೂ ವಿಮಾನ ಕಟ್ಟುವ ಸಾಹಸಕ್ಕೆ ಕೈಹಾಕಿದರೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯನ್ನು ವಿಧಿಪೂರ್ವಕವಾಗಿ ಪಡೆದು, ಬಾಗಿಲಿನ ಕೆಳಗಿನ ಎರಡು ಮೂಲೆಗಳನ್ನು ಪ್ರತಿ ಹಾರಾಟಕ್ಕೂ ಮುನ್ನ ಬೆರಳಿನಿಂದ ಮುಟ್ಟಿ ನೋಡಲಿ. ಬೆರಳು ಒಣಗಿದ್ದರೆ ಮೇಲೇರಬಹುದು. ತೇವವಾದರೆ ಕಾರಣ ತಿಳಿಯುವವರೆಗೆ ಕೆಳಗೇ ನಿಲ್ಲುವುದು ಲೇಸು.